ಜಾಲತಾಣಕ್ಕೆ ಊರು ಬಿಡುವ ಪತ್ರ

ಕ್ಯಾಬಿಗಾಂಬಾ ಗ್ರಾಮ ಸಮಿತಿಯ ಮೊಹರಿಲ್ಲದೆ ಆ ಗ್ರಾಮದ ಗಡಿ ದಾಟಿದ ಪ್ರಕರಣಗಳು ಇವತ್ತಿನವರೆಗೆ ಎರಡೇ ಎರಡು. ಒಂದು, ಹೋದ ನವೆಂಬರಿನಲ್ಲಿ ಬಂದು, ಯಾರ ಬಾಣಲೆಗೂ ಬೀಳದೆ ಹಾರಿಹೋದ, ಇಲ್ಲಿಯವರು ಹುರಿದು ತಿನ್ನುವ ಮಿಡತೆಗಳ ಹಿಂಡು. ಇನ್ನೊಂದು, ಚೇರ್ಮನ್ನರ ಷಡ್ಡಕ. ಎರಡೂ ಪ್ರಕರಣಗಳ ವಿಚಾರಣೆ ಜಾರಿಯಲ್ಲಿದೆ.

ಉಗಾಂಡಾದ ಬೇರೆಲ್ಲ ಗ್ರಾಮಗಳಂತೆ ಇಲ್ಲಿಯೂ ಮನೆ ಬದಲಾಯಿಸುವವರು ತಮ್ಮ ಚೇರ್ಮನ್ನರಿಂದ ಒಂದು ಪತ್ರ ಬರೆಸಿಕೊಂಡು ಹೋಗಿ ಹೊಸ ಊರಿನ ಚೇರ್ಮನ್ನರ ಕೈಗೆ ಕೊಡಬೇಕು. ಈತ ಕಳ್ಳನಲ್ಲ, ಸಾಮಾನು ಈತನದೇ ಎಂದು ಪತ್ರದಲ್ಲಿ ಇರಬೇಕು. ಮಂಚ, ಚಾಪೆ, ಜೆರಿಕ್ಯಾನುಗಳ ಪಟ್ಟಿ ಲಗತ್ತಿಸಿರಬೇಕು. ಸಂಜೆ ಆರರ ಮೇಲೆ ಸಾಮಾನು ಸಾಗಿಸುವಂತಿಲ್ಲ. ಸಾಗಿಸಿದರೆ ಅದು ಕಳವಿನ ಮಾಲು. ಚೇರ್ಮನ್ ಎಜಿರಾ ಮುಗರುರಾ ಅವರು ಈ ನಿಯಮವನ್ನು ಹತ್ತೊಂಬತ್ತು ವರ್ಷಗಳಿಂದ ಮುಖ ಮೋರೆ ನೋಡದೆ ಪಾಲಿಸಿಕೊಂಡು ಬಂದಿದ್ದಾರೆ. ಒಮ್ಮೆ ಅವರ ಹೆತ್ತ ತಾಯಿಯ ಮಂಚವೇ ಆರು ಗಂಟೆ ಐದು ನಿಮಿಷಕ್ಕೆ ಗಡಿ ತಲುಪಿದ್ದರಿಂದ, ಆ ತಾಯಿ ಗಡಿಯ ಬಾಳೆತೋಟದಲ್ಲಿ ಅದೇ ಮಂಚದ ಮೇಲೆ ಬೆಳಗಿನವರೆಗೆ ಮಲಗಿದ್ದರು. ಬೆಳಿಗ್ಗೆ ಎದ್ದು ಮಗನನ್ನು ಆಶೀರ್ವದಿಸಿ ಹೊರಟರೆಂದು ಸಮಿತಿಯ ನಡಾವಳಿ ಪುಸ್ತಕದಲ್ಲಿ ದಾಖಲಾಗಿದೆ. ನಡಾವಳಿ ಬರೆಯುವವರೂ ಚೇರ್ಮನ್ನರೇ.

ಯೊವಾಸಿ ಟಿಬೆಂಡೆರಾನ ಅವರು ಈ ಊರಿನ ಹಾಲು ಸಂಗ್ರಹ ಕೇಂದ್ರದಲ್ಲಿ ಮೂವತ್ತೊಂದು ವರ್ಷ ಗುಮಾಸ್ತರಾಗಿದ್ದು, ಕಂಡವರ ಹಾಲಿನಲ್ಲಿ ನೀರಿದೆಯೇ ಎಂದು ನೋಡಿ ನೋಡಿ ನಿವೃತ್ತರಾದವರು. ನಿವೃತ್ತಿಯ ಮರುದಿನವೇ ‘ಯೊವಾಸಿ ಕಂಡದ್ದು’ ಎಂಬ ಸ್ವಂತ ಜಾಲತಾಣ ತೆರೆದು ಬರೆಯಲು ಕೂತರು. ಮಳೆ ಯಾವತ್ತು ಹಿಡಿಯಿತು, ಯಾರ ಹಸು ಎಂಥ ಕರು ಹಾಕಿತು, ಯಾರ ಮದುವೆಯಲ್ಲಿ ಭಾಷಣ ಮುಗಿಯುವಷ್ಟರಲ್ಲಿ ಊಟ ತಣ್ಣಗಾಯಿತು, ಇಂಥವೇ. ಹನ್ನೊಂದು ವರ್ಷಗಳಲ್ಲಿ ಆರುನೂರ ಹನ್ನೆರಡು ಬರಹಗಳಾದವು. ದಿನಕ್ಕೆ ಹದಿನಾಲ್ಕು ಜನ ಓದುತ್ತಿದ್ದರು. ಯೊವಾಸಿಯವರಿಗೆ ಹದಿನಾಲ್ಕು ಸಾಕಿತ್ತು. ತಾವು ಕಣ್ಣಾರೆ ಕಂಡದ್ದು ತಮ್ಮ ಜೊತೆಗೇ ಮಣ್ಣಾಗುವುದಿಲ್ಲ ಎಂಬ ಒಂದೇ ಸಮಾಧಾನಕ್ಕೆ ಅವರು ಬರೆಯುತ್ತಿದ್ದರು.

ಬರಹಗಳ ಕೆಳಗೆ ಓದುಗರ ಪ್ರತಿಕ್ರಿಯೆಗಳೂ ಇದ್ದವು. ಒಟ್ಟು ಸಾವಿರದ ಇನ್ನೂರ ನಾಲ್ಕು. ಅದರಲ್ಲಿ ಆರು, ಕೂದಲು ಬೆಳೆಸುವ ಎಣ್ಣೆಯವರದು. ಉಳಿದ ಸಾವಿರದ ನೂರ ತೊಂಬತ್ತೆಂಟೂ ಚೇರ್ಮನ್ ಮುಗರುರಾ ಅವರದು, ಮತ್ತು ಸಾವಿರದ ನೂರ ತೊಂಬತ್ತೆಂಟೂ ಆಕ್ಷೇಪಣೆಗಳು. ಇಬ್ಬರೂ ಒಂದೇ ಶಾಲೆಯ ಒಂದೇ ಬೆಂಚಿನಲ್ಲಿ ಕೂತು ಕಲಿತವರು. ಯೊವಾಸಿ ಮಳೆ ಮೂರನೇ ತಾರೀಕು ಬಂತೆಂದು ಬರೆದರೆ, ಎರಡನೇ ತಾರೀಕು ಎಂದು ಮುಗರುರಾ ಕೆಳಗೆ ಬರೆಯುವರು. ಕರು ಕಂದು ಎಂದರೆ ಕೆಂದು. ಭಾಷಣ ದೀರ್ಘವಾಗಿತ್ತು ಎಂದರೆ, ಭಾಷಣ ಮಾಡಿದವನು ನಾನು, ಚುಟುಕಾಗಿಯೇ ಇತ್ತು ಎಂದು.

ಹೀಗಿರುವಾಗ ಹಳೆಯ ಬ್ಲಾಗ್ ತಂತ್ರಾಂಶದ ಕಂಪನಿಯವರು ಜುಲೈ ಮೂವತ್ತೊಂದಕ್ಕೆ ಅಂಗಡಿ ಮುಚ್ಚುವುದಾಗಿ ಪತ್ರ ಕಳಿಸಿದರು. ಯೊವಾಸಿಯವರು ಪತ್ರ ಹಿಡಿದುಕೊಂಡು, ಮ್ಬರಾರಾ ರಸ್ತೆಯ ಟೈಪಿಂಗ್ ಮತ್ತು ಜೆರಾಕ್ಸ್ ಅಂಗಡಿಯ ಪೆನಿನಾಳ ಹತ್ತಿರ ಹೋದರು. ಊರಿನ ಅರ್ಜಿಗಳು, ಲಗ್ನಪತ್ರಿಕೆಗಳು, ಶ್ರದ್ಧಾಂಜಲಿಗಳು ಇಪ್ಪತ್ತು ವರ್ಷದಿಂದ ಅವಳ ಕೈಯಿಂದಲೇ ಹೊರಬೀಳುತ್ತಿದ್ದವು.

“ಏನೂ ಕಷ್ಟ ಇಲ್ಲ ಮ್ಜೇ,” ಎಂದಳು ಪೆನಿನಾ, ಆ ಊರಲ್ಲಿ ಹಿರಿಯರನ್ನು ಕರೆಯುವ ಹಾಗೆ. “ಹೊಸ ತಂತ್ರಾಂಶ ಹಾಕ್ತೀನಿ. ನಿಮ್ಮ ಬರಹ ಎಲ್ಲ ಒಂದು ಗಂಟು, ಪ್ರತಿಕ್ರಿಯೆ ಎಲ್ಲ ಇನ್ನೊಂದು ಗಂಟು. ಬೇರೆ ಬೇರೆ ಸಾಗಿಸ್ಬೇಕು ಅಷ್ಟೇ.”

ಯೊವಾಸಿಯವರು ಬಾಗಿಲ ಕಡೆ ಒಮ್ಮೆ ನೋಡಿದರು. ಆಮೇಲೆ ದನಿ ತಗ್ಗಿಸಿದರು. “ಎರಡನೇ ಗಂಟು ಇಲ್ಲೇ ಇದ್ದುಬಿಡಲಿ ಬಿಡಮ್ಮ. ಅದಕ್ಕೂ ವಯಸ್ಸಾಯ್ತು.”

ಅವತ್ತು ಮನೆಗೆ ಹೋಗಿ ಒಬ್ಬರೇ ನಕ್ಕರು. ಎರಡು ಲೋಟ ಹಾಲು ಹೆಚ್ಚಿಗೆ ಕುಡಿದರು. ಹನ್ನೊಂದು ವರ್ಷಗಳಲ್ಲಿ ಮೊದಲ ಸಲ ಒಂದು ಮಾತು ಹೇಳಿದರೆ ಅದು ಹೇಳಿದ ಹಾಗೇ ನಿಲ್ಲುತ್ತದೆ ಎಂಬ ಯೋಚನೆಗೇ ಅವರಿಗೆ ಮೈ ಹಗುರವಾಗಿತ್ತು.

ಕೆಲಸ ಅಲ್ಲಿಗೆ ಒಂದು ಗಂಟೆಯಲ್ಲಿ ಮುಗಿಯಬೇಕಿತ್ತು. ಆದರೆ ಮರುದಿನ ಹೊಸ ತಂತ್ರಾಂಶ ತೆರೆದಾಗ ಪರದೆಯ ಮೇಲೆ ‘ಈ ಜಾಲತಾಣ ನಿಮ್ಮದೇ ಎಂದು ದೃಢಪಡಿಸಿ’ ಎಂದು ಬಂತು. ಪಕ್ಕದಲ್ಲಿ ಒಂದು ಸಣ್ಣ ಖಾಲಿ ಚೌಕ.

“ಅಲ್ಲಿ ಒತ್ತಿ ಮ್ಜೇ.”

“ಸುಮ್ನೆ ಒತ್ತೋದಾ? ಮೊಹರು ಎಲ್ಲಿ?”

“ಇದಕ್ಕೆ ಮೊಹರು ಬೇಡ. ನೀವು ಒತ್ತಿದ್ರೆ ಆಯ್ತು.”

“ನನ್ನದು ಅಂತ ನಾನೇ ಹೇಳ್ಕೊಂಡ್ರೆ ಯಾರಮ್ಮ ನಂಬ್ತಾರೆ? ಹಾಲು ತಂದೋರೆಲ್ಲ ನೀರು ಹಾಕಿಲ್ಲ ಅಂತಲೇ ಹೇಳ್ತಿದ್ರು,” ಎಂದು ಯೊವಾಸಿಯವರು ಎದ್ದು ಟೋಪಿ ಹಾಕಿಕೊಂಡರು.

ಚೇರ್ಮನ್ ಮುಗರುರಾ ಅವರ ಕಚೇರಿ ಅವರ ಮನೆಯ ಜಗಲಿ. ಮೊಹರನ್ನು ಅವರು ಉಣ್ಣೆಯ ಕಾಲುಚೀಲದಲ್ಲಿಟ್ಟು, ಕಾಲುಚೀಲವನ್ನು ಹಾಲುಪುಡಿಯ ಡಬ್ಬಿಯಲ್ಲಿಟ್ಟು, ಡಬ್ಬಿಯ ಮೇಲೆ ತಾವು ಕೂತಿರುತ್ತಿದ್ದರು. ಯೊವಾಸಿಯವರ ಕೋರಿಕೆಯನ್ನು ಅವರು ಕಣ್ಣು ಮುಚ್ಚಿ ಕೇಳಿದರು.

“ಅಂದ್ರೆ ಜಾಲತಾಣ ಊರು ಬಿಡ್ತಾ ಇದೆ.”

“ಊರಲ್ಲ ಕಣೋ, ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ. ನನ್ನದು ಅಂತ ನೀನೊಂದು ಸಾಲು ಬರ್ಕೊಟ್ರೆ ಸಾಕು.”

“ನೋಡು ಯೊವಾಸಿ. ನಂಗೆ ಕಂಪ್ಯೂಟರು ಗೊತ್ತಿಲ್ಲ ಅಂತ ತಿಳ್ಕೋಬೇಡ. ಅದಕ್ಕೆ ಕಾಲಿಲ್ಲ, ಚಕ್ರ ಇಲ್ಲ, ಎಲ್ಲ ಗೊತ್ತು. ಆದ್ರೆ ಇಲ್ಲಿದ್ದದ್ದು ಅಲ್ಲಿಗೆ ಹೋಗತ್ತೋ ಇಲ್ವೋ?”

“ಹೋಗತ್ತೆ.”

“ಹಾಗಿದ್ರೆ ಪಟ್ಟಿ ಬೇಕು. ತಪಾಸಣೆ ಆಗ್ಬೇಕು. ಆ ಕಡೆಯ ಚೇರ್ಮನ್ನರ ಒಪ್ಪಿಗೆ ಬೇಕು. ನಿನಗೊಂದು ನಿಯಮ, ಊರಿಗೊಂದು ನಿಯಮ ಅಂತ ಮಾಡಿದ್ರೆ ನಾಳೆ ನಮ್ಮಮ್ಮ ಬಂದು ಮಂಚದ ವಿಷಯ ಎತ್ತುತ್ತಾಳೆ.”

ನ್ಯಾಯವಾದ ಮಾತು ಎಂದು ಯೊವಾಸಿಯವರಿಗೂ ಅನ್ನಿಸಿತು. ಅದೇ ಸಂಜೆ ಬಾಳೆಮಂಡಿಯ ಹತ್ತಿರ ಕಂಬಕ್ಕೆ ಕಟ್ಟಿದ ಧ್ವನಿವರ್ಧಕದಲ್ಲಿ ಪ್ರಕಟಣೆಯಾಯಿತು: “ಸಾರ್ವಜನಿಕರಿಗೆ ತಿಳಿಯಪಡಿಸುವುದೇನೆಂದರೆ, ಸದರಿ ಗ್ರಾಮದ ನಿವಾಸಿ ಯೊವಾಸಿ ಟಿಬೆಂಡೆರಾನ ಎಂಬುವರ ಜಾಲತಾಣವು ಗ್ರಾಮವನ್ನು ತೊರೆಯಲಿದ್ದು, ಅದರ ಮೇಲೆ ಯಾರದಾದರೂ ತಕರಾರು, ಪಾಲು ಅಥವಾ ಮೇಯಲು ಬಿಟ್ಟ ಪ್ರಾಣಿ ಇದ್ದಲ್ಲಿ ಏಳು ದಿನದೊಳಗೆ ಹೇಳಿಕೊಳ್ಳತಕ್ಕದ್ದು.” ಮೂವರು ಬಂದು ಹೇಳಿಕೊಂಡರು. ಅದರಲ್ಲಿ ಒಬ್ಬರ ಮೇಕೆ ನಿಜಕ್ಕೂ ಕಳೆದಿತ್ತು.

ತಪಾಸಣೆಯ ಹೊಣೆ ಗ್ರಾಮ ಸಮಿತಿಯ ರಕ್ಷಣಾ ಕಾರ್ಯದರ್ಶಿ ಕಬಾಗಂಬೆಯವರದು. ಪ್ರತಿ ಗ್ರಾಮಕ್ಕೂ ಒಬ್ಬ ರಕ್ಷಣಾ ಕಾರ್ಯದರ್ಶಿ ಇರಬೇಕೆಂಬುದು ಸರ್ಕಾರದ ಕ್ರಮ. ಉಳಿದ ಹೊತ್ತಿನಲ್ಲಿ ಕಬಾಗಂಬೆ ಇದ್ದಿಲು ಮಾರುತ್ತಿದ್ದರು. ಸಾಗಿಸುವ ಪ್ರತಿ ಸಾಮಾನನ್ನೂ ಬೆರಳಿಟ್ಟು ನೋಡಬೇಕು ಎಂದು ನಿಯಮವಿದ್ದುದರಿಂದ ಪೆನಿನಾ ಆರುನೂರ ಹನ್ನೆರಡು ಬರಹಗಳನ್ನೂ ಕಾಗದದಲ್ಲಿ ಮುದ್ರಿಸಿದಳು. ಕಬಾಗಂಬೆ ಒಂದೊಂದನ್ನೂ ಗಟ್ಟಿಯಾಗಿ ಓದಿದರು. ಓದಿದ ಪ್ರತಿ ಹಾಳೆಯ ಮೇಲೂ ಅವರ ಬೆರಳಿನ ಕರಿ ಗುರುತು ಬೀಳುತ್ತಿತ್ತಾಗಿ ಬೇರೆ ಸಹಿ ಬೇಕಾಗಲಿಲ್ಲ.

ತಪಾಸಣೆ ಹದಿಮೂರು ದಿನ ನಡೆಯಿತು. ಸಮಿತಿಯ ಹತ್ತೂ ಸದಸ್ಯರು ತಪ್ಪದೆ ಹಾಜರಿದ್ದರು, ಏಕೆಂದರೆ ತಪಾಸಣೆಯ ದಿನದ ಊಟ ಸಾಮಾನಿನ ಮಾಲೀಕರದು. ಮೊದಲ ದಿನ ಬೇಯಿಸಿದ ಬಾಳೆಕಾಯಿ, ಕಡಲೆಕಾಯಿ ಸಾರು ಇತ್ತು. ಮೂರನೇ ದಿನ ಮಾಹಿತಿ ಕಾರ್ಯದರ್ಶಿಯವರು, ತುಪ್ಪದ ಗೊಜ್ಜಿಲ್ಲದೆ ತಮಗೆ ಅಕ್ಷರಗಳು ಸರಿಯಾಗಿ ಕಾಣುತ್ತಿಲ್ಲ ಎಂದು ಲಿಖಿತವಾಗಿ ತಿಳಿಸಿದರು. ತುಪ್ಪದ ಗೊಜ್ಜು ಬಂತು. ಅಕ್ಷರಗಳು ಕಂಡವು. ಮದುವೆಯೂಟದ ಬಗ್ಗೆ ಬರೆದ ಲೇಖನಗಳನ್ನು ಖಾಲಿ ಹೊಟ್ಟೆಯಲ್ಲಿ ತಪಾಸಣೆ ಮಾಡಕೂಡದು ಎಂಬ ಉಪನಿಯಮವನ್ನು ಐದನೇ ದಿನ ಸರ್ವಾನುಮತದಿಂದ ಸೇರಿಸಲಾಯಿತು.

ಏಳನೇ ದಿನ ಕಬಾಗಂಬೆ ಓದುವುದನ್ನು ನಿಲ್ಲಿಸಿ ಹಾಳೆಯನ್ನು ದೂರ ಹಿಡಿದರು.

“ಚೇರ್ಮನ್ರೇ, ಇದರಲ್ಲಿ ಹಸು ಇದೆ.”

ಸಭೆ ಗಂಭೀರವಾಯಿತು. ಎಣಿಸಿದಾಗ ನೂರ ನಲವತ್ತಮೂರು ಬರಹಗಳಲ್ಲಿ ಹಸುಗಳು ಸಿಕ್ಕವು. ಪಶುವೈದ್ಯರ ರಹದಾರಿ ಇಲ್ಲದೆ ದನ ಸಾಗಿಸುವುದು ಅಪರಾಧ. ಪಶುವೈದ್ಯೆ ಡಾಕ್ಟರ್ ಕೊಬುಸಿಂಗೆ ಅವರನ್ನು ಕರೆಸಲಾಯಿತು. ಅವರು ಗಮ್‌ಬೂಟು ಕಳಚದೆಯೇ ಕೂತು ಕಡತ ಬಿಚ್ಚಿದರು.

“ಬರಹದಲ್ಲಿರೋ ಹಸು ಬದುಕಿದೆಯೋ, ಸತ್ತಿದೆಯೋ?”

“ಕೆಲವು ಬದುಕಿವೆ ಡಾಕ್ಟ್ರೇ, ಕೆಲವು ಇಲ್ಲ,” ಎಂದರು ಯೊವಾಸಿ.

“ಸತ್ತಿದ್ರೆ ಮಾಂಸದ ರಹದಾರಿ. ಅದು ಬೇರೆ ಪುಸ್ತಕ. ಇದೇನಿದು, ಮೊದಲ್ನೇ ಪ್ಯಾರಾದಲ್ಲಿ ಮೇಯ್ತಾ ಇದೆ, ಮೂರನೇ ಪ್ಯಾರಾದಲ್ಲಿ ಮದುವೆ ಊಟಕ್ಕೆ ಕಡ್ದಿದ್ದೀರಿ?”

“ಹಾಗೇ ಆಗಿದ್ದು.”

“ಎರಡನೇ ಪ್ಯಾರಾದವರೆಗೆ ನಾನು ಕೊಡಬಹುದು. ಆಮೇಲಿನದು ಮಾಂಸದ ಇನ್‌ಸ್ಪೆಕ್ಟರ್ ನೋಡ್ಬೇಕು. ಅದೂ ಅಲ್ದೆ ಮ್ಜೇ, ಕಾಲುಬಾಯಿ ರೋಗದ ನಿರ್ಬಂಧ ಇದೆ. ಇಪ್ಪತ್ತೊಂದು ದಿನ ಒಂದು ಹಸುವೂ ಕದಲೋ ಹಾಗಿಲ್ಲ.”

“ಡಾಕ್ಟ್ರೇ, ಇವು ಅಕ್ಷರದ ಹಸು. ಇವಕ್ಕೆ ಬಾಯೂ ಇಲ್ಲ, ಕಾಲೂ ಇಲ್ಲ.”

“ಇಲ್ಲ ಅಂತ ಪ್ರಮಾಣಪತ್ರ ಇದೆಯಾ?”

ಯೊವಾಸಿಯವರ ಬಳಿ ಇರಲಿಲ್ಲ. ನೂರ ನಲವತ್ತಮೂರು ಬರಹಗಳನ್ನು ಪೆನಿನಾಳ ಅಂಗಡಿಯ ಹಿಂದಿನ ಕೋಣೆಯಲ್ಲಿ ಪ್ರತ್ಯೇಕವಾಗಿ ಇರಿಸಿ ಬಾಗಿಲಲ್ಲಿ ಸುಣ್ಣ ಚೆಲ್ಲಲಾಯಿತು. ಕೊನೆಗೆ ಇಪ್ಪತ್ತೊಂದು ದಿನಗಳು ಜುಲೈ ಮೂವತ್ತಕ್ಕೆ ಮುಗಿಯುತ್ತವೆಂದು ಲೆಕ್ಕ ಹಾಕಿ ಡಾಕ್ಟರು ರಹದಾರಿಯನ್ನು ಮುಂಚಿತವಾಗಿಯೇ ಬರೆದುಕೊಟ್ಟರು. ಹಸುಗಳು ಆರೋಗ್ಯವಾಗಿವೆ, ಯೊವಾಸಿಯವರಿಗೆ ಮಾತ್ರ ಸ್ವಲ್ಪ ವಿಶ್ರಾಂತಿ ಬೇಕು ಎಂದು ಷರಾ ಇತ್ತು.

ಆ ಕಡೆಯ ಚೇರ್ಮನ್ನರ ಒಪ್ಪಿಗೆ ಹೇಗೆ ತರಿಸುವುದು ಎಂಬ ಚಿಂತೆ ಎಲ್ಲರಿಗೂ ಇತ್ತು. ಪೆನಿನಾ ಹೊಸ ತಂತ್ರಾಂಶದವರಿಗೆ ಒಂದು ಇಮೇಲ್ ಕಳಿಸಿದಳು. ನಾಲ್ಕು ಸೆಕೆಂಡಿನಲ್ಲಿ ಉತ್ತರ ಬಂತು: ‘ನಿಮ್ಮ ಕೋರಿಕೆ ತಲುಪಿದೆ. ನಿಮ್ಮ ಸಂಖ್ಯೆ 88217.’ ಚೇರ್ಮನ್ ಮುಗರುರಾ ಅದನ್ನು ಮುದ್ರಿಸಿದ ಕಾಗದವನ್ನು ಬಹಳ ಹೊತ್ತು ನೋಡಿದರು.

“ಹತ್ತೊಂಬತ್ತು ವರ್ಷದಲ್ಲಿ ಇಂಥ ಚೇರ್ಮನ್ನರನ್ನ ನೋಡಿಲ್ಲ ಕಣಯ್ಯಾ,” ಎಂದರು. “ಒಂದು ಮಾತು ಹೆಚ್ಚಿಲ್ಲ. ಊಟ ಹಾಕಿ ಅಂತಲೂ ಕೇಳಿಲ್ಲ.”

ಎಲ್ಲ ಸಿದ್ಧವಾಯಿತು. ಜುಲೈ ಮೂವತ್ತರಂದು ಚೇರ್ಮನ್ನರು ಡಬ್ಬಿಯಿಂದ ಎದ್ದು ಕಾಲುಚೀಲ ಬಿಚ್ಚಿದರು. ಮೊಹರಿಗೆ ಶಾಯಿ ತಾಗಿಸುತ್ತ ಪಟ್ಟಿಯ ಮೇಲೆ ಕೊನೆಯ ಸಲ ಕಣ್ಣಾಡಿಸಿದರು. ಬರಹಗಳು, ಆರುನೂರ ಹನ್ನೆರಡು. ಚಿತ್ರಗಳು, ತೊಂಬತ್ತು. ಪ್ರತಿಕ್ರಿಯೆಗಳು ಎಂಬುದರ ಮುಂದೆ ಪೆನಿನಾ ಗೆರೆ ಎಳೆದಿದ್ದಳು.

ಮೊಹರು ಗಾಳಿಯಲ್ಲೇ ನಿಂತಿತು.

“ಇದು ಯಾಕೆ ಖಾಲಿ?”

ಪೆನಿನಾ ಯೊವಾಸಿಯವರ ಕಡೆ ನೋಡಿದಳು. ಯೊವಾಸಿಯವರು ತಮ್ಮ ಟೋಪಿಯ ಒಳಗೆ ನೋಡಿದರು.

“ಹಳೇ ಮನೆ ಬಿಡುವಾಗ ಎಲ್ಲಾನೂ ತಗೊಂಡು ಹೋಗೋಕೆ ಆಗಲ್ಲ ಎಜಿರಾ...”

“ಕಸಾನ ಬಿಟ್ಟು ಹೋಗ್ತಾರೆ,” ಎಂದರು ಮುಗರುರಾ. “ಹನ್ನೊಂದು ವರ್ಷ. ದಿನಾ ಬೆಳಿಗ್ಗೆ ಹಲ್ಲುಜ್ಜೋಕೆ ಮುಂಚೆ ನಿನ್ನದು ಓದ್ತಿದ್ದೆ. ಓದಿ, ಎಲ್ಲಿ ತಪ್ಪು ಹೇಳಿದ್ದೀಯ ನೋಡಿ, ಬರೀತಿದ್ದೆ. ನಂಗೆ ಬೇರೆ ಬರವಣಿಗೆ ಏನಿದೆ ಹೇಳು? ಬರೀ ಕಳ್ಳನಲ್ಲ, ಕಳ್ಳನಲ್ಲ ಅಂತ ಪತ್ರ ಬರೆದೇ ಜೀವ ಸವೀತು. ಅದೊಂದೇ ನಾನು ಮನಸಿಟ್ಟು ಬರೆದದ್ದು.”

ಯೊವಾಸಿಯವರಿಗೆ ನಿಜವಾಗಿ ನಾಚಿಕೆಯಾಯಿತು. ಮೂವತ್ತೊಂದು ವರ್ಷ ಬೇರೆಯವರ ಹಾಲಿನ ನೀರು ಹಿಡಿದವರು ತಮ್ಮ ಹಾಲಿನ ನೀರಿಗೆ ಸಿಕ್ಕಿಬಿದ್ದಿದ್ದರು. “ಬರೆಯಮ್ಮ ಪೆನಿನಾ,” ಎಂದರು. “ಸಾವಿರದ ನೂರ ತೊಂಬತ್ತೆಂಟು. ಪೂರ್ತಿ.” ಅವಳು ಬರೆದಳು, ಮೊಹರು ಬಿತ್ತು.

ಆದರೆ ನಿವಾಸಿಗಳ ಸಾಮಾನಿಗಿಂತ ಸಮಿತಿಯ ಸಾಮಾನು, ಅಂದರೆ ಚೇರ್ಮನ್ನರ ಪ್ರತಿಕ್ರಿಯೆಗಳು, ಮೊದಲು ಹೋಗಬೇಕೆಂಬುದು ಶಿಷ್ಟಾಚಾರ. ಆ ಶಿಷ್ಟಾಚಾರವನ್ನು ಅಲ್ಲಿಯೇ ಅಂಗೀಕರಿಸಲಾಯಿತು. ಖಾಲಿ ಮಾಡಿದ ಮನೆಯ ಬೀಗದಕೈ ಚೇರ್ಮನ್ನರ ಕೈಗೆ ಒಪ್ಪಿಸುವುದು ವಾಡಿಕೆಯಾದ್ದರಿಂದ, ಹಳೆಯ ತಾಣದ ಗುಪ್ತಪದವನ್ನು ಪೆನಿನಾಳಿಂದಲೇ ಹೊಸದಾಗಿ ಬದಲಾಯಿಸಿ ಬರೆಸಿ, ಲಕೋಟೆಯಲ್ಲಿ ಹಾಕಿ, ಅರಗು ಒತ್ತಿ, ಕೆಲಸ ನಡೆಯುವಾಗ ಮಾತ್ರ ಬಿಚ್ಚತಕ್ಕದ್ದು ಎಂದು ಡಬ್ಬಿಗೆ ಹಾಕಲಾಯಿತು.

ಜುಲೈ ಮೂವತ್ತೊಂದು, ಬೆಳಿಗ್ಗೆ ಹತ್ತಕ್ಕೆ ಪೆನಿನಾಳ ಅಂಗಡಿಯಲ್ಲಿ ಸಮಿತಿ ನೆರೆಯಿತು. ಲಕೋಟೆ ಬಿಚ್ಚಲಾಯಿತು. ಪ್ರತಿಕ್ರಿಯೆಗಳ ಗಂಟು ಸಾಗಿಸಲು ಎಂಟು ನಿಮಿಷ ಸಾಕು ಎಂದು ಪರದೆ ಹೇಳಿತು. ಆದರೆ ಚೇರ್ಮನ್ನರು ಕೈ ಅಡ್ಡ ಹಿಡಿದರು.

“ಹೊಸ ಊರಿಗೆ ಹೋಗೋವಾಗ ಹರಿದ ಅಂಗೀಲಿ ಕಳಿಸೋದಾ? ಒಂದ್ಸಲ ನೋಡ್ಬಿಡ್ತೀನಿ.”

ನೋಡಿದರು. ಒಂದೊಂದನ್ನೂ ನೋಡಿದರು. ಎಲ್ಲೆಲ್ಲಿ ‘ತಪ್ಪು’ ಎಂದಿತ್ತೋ ಅಲ್ಲಲ್ಲಿ ‘ಸಂಪೂರ್ಣ ತಪ್ಪು’ ಎಂದು ತಿದ್ದಿಸಿದರು. ಮಧ್ಯಾಹ್ನ ಚಪಾತಿಯಲ್ಲಿ ಸುತ್ತಿದ ಮೊಟ್ಟೆ ಬಂತು. ಹತ್ತೂ ಜನ ತಿಂದರು. ಮೂರಾಯಿತು. ನಾಲ್ಕಾಯಿತು. ಯೊವಾಸಿಯವರು ಗಡಿಯಾರ ನೋಡುವುದು, ಟೋಪಿ ತಿರುಗಿಸುವುದು, ಮತ್ತೆ ಗಡಿಯಾರ ನೋಡುವುದು ಮಾಡುತ್ತಿದ್ದರು. ನಿನ್ನೆಯ ನಾಚಿಕೆ ಇನ್ನೂ ಆರಿರಲಿಲ್ಲವಾಗಿ ಬಾಯಿ ತೆರೆಯಲಿಲ್ಲ. ಐದೂಮುಕ್ಕಾಲಿಗೆ ಪ್ರತಿಕ್ರಿಯೆಗಳ ಗಂಟು ಹೊಸ ಊರು ಸೇರಿತು. ಎಲ್ಲರೂ ಚಪ್ಪಾಳೆ ತಟ್ಟಿದರು.

ಬರಹಗಳ ಗಂಟು ಹೊರಟಿತು. ಇಪ್ಪತ್ತು ನಿಮಿಷ ಬೇಕೆಂದು ಪರದೆ ಹೇಳಿತು. ಅರ್ಧ ದಾರಿ ದಾಟಿತು, ಮುಕ್ಕಾಲು ಮುಟ್ಟಿತು. ಆಗ ರಕ್ಷಣಾ ಕಾರ್ಯದರ್ಶಿ ಕಬಾಗಂಬೆ ಎದ್ದು ನಿಂತು, ಇದ್ದಿಲ ಕೈಯನ್ನು ಕಂಪ್ಯೂಟರಿನ ತಂತಿಯ ಮೇಲಿಟ್ಟರು.

“ಚೇರ್ಮನ್ರೇ, ಆರು ಗಂಟೆ.”

“ಇನ್ನೈದು ನಿಮಿಷ ಕಬಾಗಂಬೆಯವ್ರೇ,” ಎಂದಳು ಪೆನಿನಾ. “ಈಗ ನಿಲ್ಲಿಸಿದ್ರೆ ಅರ್ಧವೂ ಉಳಿಯಲ್ಲ. ಪೂರ್ತಿ ಹೋದ್ರೆ ಹೋಯ್ತು, ಇಲ್ಲಾಂದ್ರೆ ಇಲ್ಲ. ಇವತ್ತು ರಾತ್ರಿ ಅವರು ಬಾಗಿಲು ಹಾಕ್ಬಿಡ್ತಾರೆ.”

ಎಲ್ಲರೂ ಚೇರ್ಮನ್ನರ ಕಡೆ ನೋಡಿದರು. ಮುಗರುರಾ ಅವರ ಮುಖ ಸಪ್ಪಗಾಗಿತ್ತು. ಹಗಲಿನ ಹೊತ್ತನ್ನೆಲ್ಲ ತಾವೇ ತಿಂದು ಹಾಕಿದ್ದು ಅವರಿಗೆ ಗೊತ್ತಿತ್ತು. ಬಾಳೆತೋಟದ ಮಂಚ ಅವರ ಕಣ್ಣ ಮುಂದೆ ಇದ್ದಿರಬೇಕು.

“ಯೊವಾಸಿ, ನೀನು ಹೇಳು,” ಎಂದರು ಕೊನೆಗೆ. “ನೀನು ಹೂಂ ಅಂದ್ರೆ ನಾನು ಆ ಕಡೆ ತಿರುಗ್ತೀನಿ.”

ಯೊವಾಸಿಯವರು ಪರದೆಯ ಕಡೆ ನೋಡಿದರು. ಹನ್ನೊಂದು ವರ್ಷದ ಮಳೆ, ಕರು, ಮದುವೆ ಆ ಪರದೆಯ ಮೇಲೆ ಬಾಗಿಲಲ್ಲಿ ನಿಂತಿದ್ದವು. ಆದರೆ ಅವರು ಗುಮಾಸ್ತರು. ಆರರ ಮೇಲೆ ಬಂದ ಹಾಲನ್ನು ಒಂದು ದಿನವೂ ಅಳೆದವರಲ್ಲ.

“ಆರರ ಮೇಲೆ ಹೋದ್ರೆ ಅದು ಕಳವಿನ ಮಾಲು,” ಎಂದರು. “ನನ್ನ ಬರಹ ಕಳವಿನ ಮಾಲು ಆಗೋದು ಬೇಡ.”

ಕಬಾಗಂಬೆ ತಂತಿ ಎಳೆದರು. ಲಕೋಟೆಗೆ ಮತ್ತೆ ಅರಗು ಒತ್ತಲಾಯಿತು. ಮರುದಿನ ಬೆಳಿಗ್ಗೆ ಅದನ್ನು ಬಿಚ್ಚಿ ಹಳೆಯ ತಾಣ ತೆರೆದಾಗ, ಇಷ್ಟು ವರ್ಷ ಜೊತೆಗಿದ್ದುದಕ್ಕೆ ಧನ್ಯವಾದಗಳು ಎಂಬ ಒಂದು ಸಾಲು ಮಾತ್ರ ಅಲ್ಲಿತ್ತು. ಮುದ್ರಿಸಿದ ಹಾಳೆಗಳೂ ಉಳಿದಿರಲಿಲ್ಲ. ತಪಾಸಣೆ ಮುಗಿದ ಕಾಗದವನ್ನು ನಿಯಮದಂತೆ ರಕ್ಷಣಾ ಇಲಾಖೆಗೆ ಒಪ್ಪಿಸಲಾಗಿದ್ದು, ಇಲಾಖೆ ಅದರಲ್ಲಿ ಇದ್ದಿಲು ಕಟ್ಟಿ ಮಾರಿತ್ತು.

ಹೊಸ ತಂತ್ರಾಂಶಕ್ಕೆ ಮೂಲ ಬರಹಗಳು ಕಾಣದ್ದರಿಂದ ಅದು ಪ್ರತಿಕ್ರಿಯೆಗಳನ್ನೇ ಬರಹಗಳೆಂದು ತಿಳಿದು, ತಾರೀಕಿನ ಪ್ರಕಾರ ಚೆಂದವಾಗಿ ಜೋಡಿಸಿತು. ಮೇಲೆ ‘ಯೊವಾಸಿ ಕಂಡದ್ದು’ ಎಂಬ ಹೆಸರು. ಕೆಳಗೆ ಎಜಿರಾ ಮುಗರುರಾ ಅವರ ಸಾವಿರದ ನೂರ ತೊಂಬತ್ತೆಂಟು ಆಕ್ಷೇಪಣೆಗಳು.

ಯೊವಾಸಿಯವರು ನಾಲ್ಕು ದಿನ ಅದನ್ನು ತೆರೆದು ನೋಡಲಿಲ್ಲ. ಊಟ ಸೇರಲಿಲ್ಲ. ಐದನೇ ದಿನ ಪೆನಿನಾಳ ಅಂಗಡಿಗೆ ಹೋಗಿ ಕೂತು, ಮೊದಲನೆಯದನ್ನು ಓದಿದರು. “ಮಾರ್ಚ್ ಮೂರನೇ ತಾರೀಕು ಸಂಜೆ, ಹುರುಳಿ ಒಣಗಿಸುತ್ತಿದ್ದ ಹೆಂಗಸರೆಲ್ಲ ಓಡುವ ಹಾಗೆ ಮಳೆ ಬಂತು ಎಂದು ಯೊವಾಸಿ ಬರೆದಿರುವುದು ಸಂಪೂರ್ಣ ತಪ್ಪು. ಎರಡನೇ ತಾರೀಕು. ಓಡಿದವರಲ್ಲಿ ನನ್ನ ಹೆಂಡತಿಯೂ ಇದ್ದಳು. ಒಂದು ಚಪ್ಪಲಿ ಇನ್ನೂ ಸಿಕ್ಕಿಲ್ಲ.” ಮುಂದಿನದು ಓದಿದರು. ಅದರ ಮುಂದಿನದು. ಆಕ್ಷೇಪಣೆ ಮಾಡುವ ಮುಂಚೆ ಯೊವಾಸಿಯವರ ಮಾತನ್ನು ಅಕ್ಷರ ಬಿಡದೆ ಉದ್ಧರಿಸುವ ಅಭ್ಯಾಸ ಮುಗರುರಾ ಅವರಿಗಿತ್ತು. ಮಳೆ ಅಲ್ಲೇ ಇತ್ತು. ಕರುಗಳು ಅಲ್ಲೇ ಇದ್ದವು. ಯೊವಾಸಿಯವರು ಮೊದಲು ಅತ್ತರು, ಆಮೇಲೆ ಕುರ್ಚಿ ಅಲುಗುವಷ್ಟು ನಕ್ಕರು. ಪೆನಿನಾ ನೀರು ತಂದುಕೊಟ್ಟಳು.

ಈಗ ಆ ತಾಣವನ್ನು ದಿನಕ್ಕೆ ಒಂಬೈನೂರು ಜನ ಓದುತ್ತಾರೆ. ತಪ್ಪು ಮೊದಲೇ ತಿದ್ದಿರುವ ಬೇರೆ ಜಾಲತಾಣ ಇಡೀ ದೇಶದಲ್ಲಿ ಇಲ್ಲ ಎಂದು ಎಲ್ಲರ ಅಭಿಪ್ರಾಯ. ಪತ್ರದ ಪಟ್ಟಿಯಲ್ಲಿ ಹೊಸ ಊರು ಸೇರಿದ್ದು ಮುಗರುರಾ ಅವರ ಸಾಮಾನು ಮಾತ್ರವಾದ್ದರಿಂದ ಮನೆಯ ಯಜಮಾನರು ಅವರೇ ಎಂದು ಸಮಿತಿ ಠರಾವು ಮಾಡಿತು. ಠರಾವನ್ನು ಮಂಡಿಸಿದವರು ಕಬಾಗಂಬೆ, ಅನುಮೋದಿಸಿದವರು ಯೊವಾಸಿ. ಅಲ್ಲಿ ಏನಾದರೂ ಬರೆಯಬೇಕೆಂದಿರುವ ಹೊರಗಿನವರು, ತಾವು ಕಳ್ಳರಲ್ಲವೆಂದು ಚೇರ್ಮನ್ನರಿಂದ ಪತ್ರ ತರಬೇಕೆಂದೂ ನಿಯಮವಾಯಿತು.

ಮೊದಲ ಅರ್ಜಿ ಯೊವಾಸಿಯವರದೇ. ಮುಗರುರಾ ಡಬ್ಬಿಯಿಂದ ಎದ್ದು, ‘ಸದರಿ ಯೊವಾಸಿ ಟಿಬೆಂಡೆರಾನ ಎಂಬುವರು ನನಗೆ ಅರವತ್ತು ವರ್ಷಗಳಿಂದ ಪರಿಚಿತರಿದ್ದು, ಕಳ್ಳರಲ್ಲ, ಆದರೆ ತಾರೀಕಿನ ವಿಷಯದಲ್ಲಿ ನಂಬತಕ್ಕವರಲ್ಲ’ ಎಂದು ಬರೆದು ಮೊಹರು ಒತ್ತಿದರು. ಯೊವಾಸಿಯವರು ಕೈಕುಲುಕಿ, ಪತ್ರ ಹಿಡಿದು ನೇರ ಪೆನಿನಾಳ ಅಂಗಡಿಗೆ ಹೋದರು. ಮೊದಲನೇ ಆಕ್ಷೇಪಣೆಯ ಕೆಳಗೆ ಪ್ರತಿಕ್ರಿಯೆ ಬರೆದರು: “ಎರಡಲ್ಲ, ಮೂರನೇ ತಾರೀಕೇ. ಸಂಪೂರ್ಣ ತಪ್ಪು.”

ನಾಲ್ಕು ಸೆಕೆಂಡಿನಲ್ಲಿ ತಾಣದ ಹೊಸ ಯಜಮಾನರ ಹೆಸರಿನಲ್ಲಿ ಉತ್ತರ ಬಂತು: ‘ನಿಮ್ಮ ಕೋರಿಕೆ ತಲುಪಿದೆ. ನಿಮ್ಮ ಸಂಖ್ಯೆ 1.’

ಯೊವಾಸಿಯವರು ಆ ಸಂಖ್ಯೆಯನ್ನು ಪತ್ರದ ಹಿಂದೆ ಬರೆದುಕೊಂಡು, ಪತ್ರವನ್ನು ಮಡಿಸಿ ಬೈಬಲ್ಲಿನೊಳಗೆ ಇಟ್ಟಿದ್ದಾರೆ.